ಸಾಗರದಿಂದ ದೇವನಹಳ್ಳಿಗೆ: ಫಾರಿನ್ ಫ್ಲೈಟ್ ಇದ್ದರೆ ಮನೆ ಬಿಡೋದು ಎಷ್ಟು ಗಂಟೆಗೆ?

ಜೋಗದ_ಹಾದಿ

ಅಪ್ಪ-ಅಮ್ಮ ಸಾಗರದಿಂದ ಹೊರಡೋರಿದ್ದಾರೆ. ಬೆಂಗಳೂರಿಂದ ದೋಹಾ, ಅಲ್ಲಿಂದ ಅಮೆರಿಕ. ಟಿಕೆಟ್ಟಿನಲ್ಲಿ 14ನೇ ತಾರೀಕು 02:40 ಅಂತಿದೆ. ಅಪ್ಪನಿಗೆ 71 ವರ್ಷ, ಮಂಡಿ ನೋವು. ಟ್ರಾವೆಲ್ಸ್‌ನವರು ಮೂರು ಗಂಟೆ ಮುಂಚೆ ಏರ್‌ಪೋರ್ಟಲ್ಲಿದ್ದರೆ ಸಾಕು ಅಂತಾರೆ, ಮಾವ ಆರು ಗಂಟೆ ಮುಂಚೆ ಹೋಗಿ ಕೂತಿರಲಿ ಅಂತಾರೆ. ಗೊತ್ತಿರೋರು ಲೆಕ್ಕ ಹಾಕಿ ಹೇಳಿ. ಕಾರಲ್ಲೇ ಬರೋದು ಅಂತ ಸದ್ಯಕ್ಕೆ ಅಂದುಕೊಂಡಿದ್ದೀವಿ.

ತುಂಗಾತೀರ

ಗಂಟೆ ಆಮೇಲೆ ನೋಡೋಣ, ಮೊದಲು ತಾರೀಕು. 14ನೇ ತಾರೀಕು 02:40 ಅಂದರೆ 13ರ ರಾತ್ರಿ ಕಳೆದು ನಡುರಾತ್ರಿ ಎರಡೂ ನಲವತ್ತು. ಮನೆ ಬಿಡಬೇಕಾದ್ದು 13ನೇ ತಾರೀಕು ಮಧ್ಯಾಹ್ನ. 14ಕ್ಕೆ ಊಟ ಮಾಡಿ ಹೊರಟು, ಅವತ್ತು ರಾತ್ರಿ ಏರ್‌ಪೋರ್ಟ್ ಮುಟ್ಟಿ, ವಿಮಾನ ಹಿಂದಿನ ರಾತ್ರಿಯೇ ಹೋಯ್ತು ಅಂತ ಗೇಟಿನಲ್ಲಿ ಗೊತ್ತಾಗೋ ಪ್ರಕರಣ ಅಪರೂಪ ಏನಲ್ಲ. ಬೆಂಗಳೂರಿನ ಉದ್ದ ಪ್ರಯಾಣದ ವಿಮಾನಗಳಲ್ಲಿ ಬಹಳಷ್ಟು ಹೊರಡೋದೇ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಕ್ಯಾಲೆಂಡರಿನಲ್ಲಿ 13ರ ಮನೆಗೇ ಗುರುತು ಹಾಕಿ, ಡ್ರೈವರಿಗೂ "13, ಬುಧವಾರ, ಮಧ್ಯಾಹ್ನ" ಅಂತ ವಾರ ಸೇರಿಸಿ ಹೇಳಿ.

ಇನ್ನು ಲೆಕ್ಕ. ವಿಮಾನ ಹೊರಡೋ ಸಮಯದಿಂದ ಹಿಂದಕ್ಕೆ ಎಣಿಸಬೇಡಿ, ಚೆಕ್-ಇನ್ ಕೌಂಟರ್ ಮುಚ್ಚೋ ಸಮಯದಿಂದ ಎಣಿಸಿ. ಹೆಚ್ಚಿನ ಕಂಪನಿಗಳು ಹೊರಡೋದಕ್ಕೆ 60 ನಿಮಿಷ ಮುಂಚೆ ಮುಚ್ಚುತ್ತವೆ, ಕೆಲವು 75 ನಿಮಿಷಕ್ಕೇ. ನಿಮ್ಮದು 60 ಅಂತಲೇ ಇಟ್ಟುಕೊಂಡರೂ 01:40ಕ್ಕೆ ಆಟ ಮುಗೀತು. ವೆಬ್ ಚೆಕ್-ಇನ್ ಆಗಿದೆ ಅನ್ನೋದು ಇಲ್ಲಿ ಉಪಯೋಗಕ್ಕೆ ಬರೋಲ್ಲ, ಲಗೇಜ್ ಹಾಕಬೇಕು, ವೀಸಾ ತೋರಿಸಬೇಕು, ಎರಡಕ್ಕೂ ಅದೇ ಕೌಂಟರ್, ಅದೇ ಗಡುವು.

ಕೌಂಟರ್ ತೆರೆಯೋದು ಸಾಮಾನ್ಯವಾಗಿ ಮೂರು ಗಂಟೆ ಮುಂಚೆ, ಕೆಲವರದ್ದು ನಾಲ್ಕು. ಅಂದರೆ 23:40ರ ಸುಮಾರಿಗೆ. ಮಾವ ಹೇಳಿದ ಹಾಗೆ ಆರು ಗಂಟೆ ಮುಂಚೆ ಹೋದರೆ ಲಗೇಜ್ ತಗೊಳ್ಳೋಕೆ ಅಲ್ಲಿ ಯಾರೂ ಇರೋಲ್ಲ. ಟ್ರಾಲಿ ಕಾಯ್ತಾ ಕೂರಬೇಕು, ಮಂಡಿ ನೋವಿದ್ದವರಿಗೆ ಅದೊಂದು ಶಿಕ್ಷೆ. ಹಾಗಂತ ಮಾವ ಪೂರ್ತಿ ತಪ್ಪಲ್ಲ. ಹೆಚ್ಚುವರಿ ಸಮಯ ಬೇಕೇ ಬೇಕು, ಆದರೆ ಅದನ್ನ ಟರ್ಮಿನಲ್ಲಿನಲ್ಲಿ ಇಡಬೇಡಿ, ರಸ್ತೆಯಲ್ಲಿ ಇಡಿ. ನಮ್ಮ ಕಡೆಯವರಿಗೆ ಫ್ಲೈಟ್ ತಪ್ಪೋದು ಇಮಿಗ್ರೇಶನ್ ಕ್ಯೂನಲ್ಲಿ ಅಲ್ಲ, ತರೀಕೆರೆಗೂ ನೆಲಮಂಗಲಕ್ಕೂ ಮಧ್ಯೆ.

ಅರಸೀಕೆರೆ_ಜಂಕ್ಷನ್

ತುಂಗಾತೀರ ಅವರು ಹೇಳಿದ್ದಕ್ಕೆ ರಸ್ತೆಯ ಭಾಗ ಸೇರಿಸ್ತೀನಿ.

ಸಾಗರ-ಶಿವಮೊಗ್ಗ 72 ಕಿ.ಮೀ. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ಗುಬ್ಬಿ ದಾಟಿ ತುಮಕೂರು, ಅಲ್ಲಿಂದ ಏರ್‌ಪೋರ್ಟ್ ಅಂದರೆ ಇನ್ನೊಂದು 300 ಕಿ.ಮೀ. ಆಸುಪಾಸು. ಮ್ಯಾಪ್ ಆರೂವರೆ ಗಂಟೆ ಅಂತ ತೋರಿಸಿದರೆ ಅದು ನಿಲ್ಲದೆ ಓಡಿದರೆ. ವಯಸ್ಸಾದವರಿದ್ದಾಗ ಎರಡು ಕಡೆ ಇಳಿದು ಕಾಲು ಆಡಿಸಬೇಕು, ಒಂದು ಕಡೆ ಕಾಫಿ, ಡೀಸೆಲ್ಲು, ಟೋಲು. ಎಂಟು ಗಂಟೆ ಅಂತ ಹಿಡೀರಿ. ರಸ್ತೆ ಅಗಲೀಕರಣ ನಡೆಯೋ ಕಡೆ ಡೈವರ್ಶನ್, ಊರೊಳಗೆ ಜಾತ್ರೆ, ಕಬ್ಬಿನ ಟ್ರ್ಯಾಕ್ಟರು, ಅಡಿಕೆ ಲಾರಿ, ಒಂದು ಪಂಕ್ಚರ್ರು. ಇದಕ್ಕೆಲ್ಲ ಒಂದೂವರೆಯಿಂದ ಎರಡು ಗಂಟೆ ಬೇರೆ.

ತುಮಕೂರು ಆದಮೇಲೆ ಬೆಂಗಳೂರು ಊರೊಳಗೆ ಹೋಗೋ ಅಗತ್ಯ ಇಲ್ಲ. ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ. ಇದು ಸ್ಯಾಟಲೈಟ್ ಟೌನ್ ರಿಂಗ್ ರೋಡು, ರಾಷ್ಟ್ರೀಯ ಹೆದ್ದಾರಿ 648. ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ ಭಾಗ 2024ರಲ್ಲಿ ಉದ್ಘಾಟನೆ ಆಗಿದೆ. ಹಳೇ ದಾರಿಯಲ್ಲಿ ನೆಲಮಂಗಲ, ಪೀಣ್ಯ, ಗೊರಗುಂಟೆಪಾಳ್ಯ, ಹೆಬ್ಬಾಳ ಹೀಗೆ ನಾಲ್ಕು ಕಡೆ ಸಿಕ್ಕಿಕೊಳ್ಳೋ ಚಾನ್ಸು, ಅದೂ ಭಾನುವಾರ ಸಂಜೆ ಊರಿಂದ ವಾಪಸ್ ಬರೋರ ಜತೆ ಸೇರಿಕೊಂಡರೆ ದೇವರೇ ಗತಿ. ಊರಿನ ಡ್ರೈವರುಗಳಿಗೆ ಅಭ್ಯಾಸದ ಮೇಲೆ ಯಶವಂತಪುರ ಕಡೆಗೇ ಸ್ಟೀರಿಂಗ್ ತಿರುಗುತ್ತೆ, ಆದ್ದರಿಂದ ಹೊರಡೋಕೆ ಮುಂಚೆಯೇ "ದಾಬಸ್‌ಪೇಟೆ, ದೊಡ್ಡಬಳ್ಳಾಪುರ" ಅಂತ ಎರಡು ಸಲ ಹೇಳಿ ಒಪ್ಪಿಸಿ.

ಒಟ್ಟು ಲೆಕ್ಕ ಹೀಗೆ: ಟರ್ಮಿನಲ್ ಬಾಗಿಲಿಗೆ 23:15. ಅದಕ್ಕೆ ಮುಂಚೆ ದೇವನಹಳ್ಳಿ ಅಥವಾ ದೊಡ್ಡಬಳ್ಳಾಪುರದಲ್ಲಿ ಕೂತು ಊಟ, ಶೌಚ, ಬಟ್ಟೆ ಸರಿ ಮಾಡಿಕೊಳ್ಳೋದು. ಸಾಗರ ಬಿಡೋದು ಮಧ್ಯಾಹ್ನ ಹನ್ನೆರಡೂವರೆ, ಹೆಚ್ಚೆಂದರೆ ಒಂದು. ದಾರಿ ಸರಾಗ ಆಗಿ ರಾತ್ರಿ ಎಂಟೂವರೆಗೇ ದೇವನಹಳ್ಳಿ ಮುಟ್ಟಿದರೆ ನಷ್ಟ ಏನೂ ಇಲ್ಲ, ನಿಧಾನಕ್ಕೆ ಊಟ ಮಾಡಲಿ.

ಮಂಡಗದ್ದೆ_ಕೊಕ್ಕರೆ

ಕಾರೇ ಆಗಬೇಕಾ? ಎಂಟು ಗಂಟೆ ಕೂತು ಬಂದು ಮತ್ತೆ ಇಪ್ಪತ್ತು ಗಂಟೆ ವಿಮಾನದಲ್ಲಿ ಕೂರೋದು ಮಂಡಿಗೆ ಒಳ್ಳೇದಲ್ಲ. ಬೆಳಗಿನ ರೈಲಿಗೆ ಶಿವಮೊಗ್ಗದಿಂದ ಹೊರಟರೆ ಎದ್ದು ಓಡಾಡಬಹುದು, ಟಾಯ್ಲೆಟ್ ಇರುತ್ತೆ. ಬೆಂಗಳೂರುವರೆಗೆ ಹೋಗದೆ ತುಮಕೂರಲ್ಲೇ ಇಳಿದು ಅಲ್ಲಿಂದ ಟ್ಯಾಕ್ಸಿ ಮಾಡಿ ದಾಬಸ್‌ಪೇಟೆ ದಾರಿಯಲ್ಲೇ ಏರ್‌ಪೋರ್ಟಿಗೆ ಬಂದರೆ ಸುಮಾರು 80-85 ಕಿ.ಮೀ., ಊರಿನ ಟ್ರಾಫಿಕ್ ಗೊಡವೆ ಇಲ್ಲ. ಒಂದೇ ತೊಂದರೆ, ತುಮಕೂರಲ್ಲಿ ರೈಲು ನಿಲ್ಲೋದು ಸ್ವಲ್ಪ ಹೊತ್ತು, ನಾಲ್ಕು ದೊಡ್ಡ ಸೂಟ್‌ಕೇಸ್ ಇಳಿಸೋಕೆ ಜತೆಗೊಬ್ಬ ಗಟ್ಟಿ ಹುಡುಗ ಬೇಕು.

ರಾತ್ರಿ ರೈಲು ಅಥವಾ ರಾತ್ರಿ ಬಸ್ಸು ಮುಂಜಾನೆ ಬೆಂಗಳೂರಲ್ಲಿ ಇಳಿಸುತ್ತವೆ. ಬೆಳಿಗ್ಗೆ ಹತ್ತರ ನಂತರದ ಫ್ಲೈಟಿಗೆ ಅದು ಸರಿ. ಮೆಜೆಸ್ಟಿಕ್ಕಿಂದ ವಾಯುವಜ್ರ ಬಸ್ಸು ಸಿಗುತ್ತೆ, 35 ಕಿ.ಮೀ. ಚಿಲ್ಲರೆ ದೂರ, ಮುಂಜಾನೆ ಒಂದು ಗಂಟೆಯೊಳಗೆ, ಒಂಬತ್ತರ ಮೇಲೆ ಹೆಬ್ಬಾಳ ಹೇಳಿದಷ್ಟು. ಆದರೆ ರೈಲು ಒಂದು ಗಂಟೆ ತಡ ಆದರೂ ತಡೆದುಕೊಳ್ಳೋ ಹಾಗಿರಬೇಕು. ಬೆಳಿಗ್ಗೆ ಏಳರ ಫ್ಲೈಟಿಗೆ ರಾತ್ರಿ ರೈಲು ನಂಬೋದು ಜೂಜು. ಏರ್‌ಪೋರ್ಟ್ ಪಕ್ಕದಲ್ಲಿ ಹಾಲ್ಟ್ ಸ್ಟೇಷನ್ ಒಂದಿದೆ, ನಿಲ್ಲೋ ರೈಲು ಬೆರಳೆಣಿಕೆ, ನೆಚ್ಚಿಕೊಳ್ಳಬೇಡಿ.

ಸೋಗಾನೆ_ರನ್‌ವೇ

ನಮ್ಮೂರಲ್ಲೇ ವಿಮಾನ ನಿಲ್ದಾಣ ಇದೆಯಲ್ಲ ಅಂತ ಯಾರೋ ಕೇಳೇ ಕೇಳ್ತಾರೆ, ಅದಕ್ಕೆ ಮೊದಲೇ ಬರೀತೀನಿ. ಶಿವಮೊಗ್ಗದ ಹತ್ತಿರ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯ್ತು, ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಶುರು. ಯಾವ ಊರಿಗೆ ಯಾವ ವಾರ ಯಾರು ಹಾರಿಸ್ತಾರೆ ಅನ್ನೋದು ಬದಲಾಗ್ತಾ ಇರುತ್ತೆ, ಬುಕ್ ಮಾಡೋ ದಿನ ನೋಡಬೇಕು.

ತೊಂದರೆ ಇರೋದು ಮಂಜು ಮತ್ತು ಮೋಡದಲ್ಲಿ. ಮಳೆಗಾಲದಲ್ಲೂ ಚಳಿಗಾಲದ ಬೆಳಗಿನಲ್ಲೂ ರನ್‌ವೇ ಕಾಣಿಸದೆ ವಿಮಾನ ಇಳಿಯೋಕೆ ಆಗದೆ ತಿರುಗಿ ಹೋಗುತ್ತೆ, ಅದೇ ವಿಮಾನ ನಿಮ್ಮನ್ನ ಒಯ್ಯಬೇಕಿದ್ದದ್ದು. ಆಗ ಏನಾಗುತ್ತೆ ಅನ್ನೋದು ಟಿಕೆಟ್ ಹೇಗಿದೆ ಅನ್ನೋದರ ಮೇಲೆ. ಶಿವಮೊಗ್ಗದಿಂದ ಕೊನೇ ಊರಿನವರೆಗೂ ಒಂದೇ ಪಿಎನ್‌ಆರ್ ಇದ್ದರೆ ಮುಂದಿನ ವಿಮಾನದಲ್ಲಿ ಕೂರಿಸೋ ಜವಾಬ್ದಾರಿ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ಆಗಿದ್ದರೆ, ದೋಹಾ ವಿಮಾನದವರ ದೃಷ್ಟಿಯಲ್ಲಿ ನೀವು ಸುಮ್ಮನೆ ಬಾರದೇ ಉಳಿದ ಪ್ರಯಾಣಿಕ, ಅಷ್ಟೆ.

ಲಗೇಜಿನದ್ದೂ ತಕರಾರಿದೆ. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ, ಅಮೆರಿಕದ್ದಕ್ಕೆ 23 ಕಿಲೋದ ಎರಡು. ಬೇರೆ ಟಿಕೆಟ್ ಆದರೆ ಮಧ್ಯದ ಮೂವತ್ತು ಕಿಲೋಗೆ ಸೋಗಾನೆಯಲ್ಲೇ ದುಡ್ಡು ತೆರಬೇಕು, ಬೆಂಗಳೂರಲ್ಲಿ ಬೆಲ್ಟಿಂದ ಎತ್ತಿಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು. 2023ರ ಸೆಪ್ಟೆಂಬರ್ 12ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2. ನೀವು ಇಳಿದದ್ದು ಟರ್ಮಿನಲ್ 1 ಆದರೆ ಶಟಲ್ ಬಸ್ಸು ಹಿಡಿಯಬೇಕು. ಬೇರೆ ಟಿಕೆಟ್ಟಿನವರು ಮಧ್ಯೆ ಆರು ಗಂಟೆಗಿಂತ ಕಮ್ಮಿ ಇಟ್ಟುಕೊಳ್ಳಲೇಬಾರದು. ಮಳೆಗಾಲ ಆದರೆ ಹಿಂದಿನ ದಿನವೇ ಹೋಗಿ.

ಆಗುಂಬೆ_ಮಳೆ

ಸಾಗರದವರಿಗೆ ಅನ್ವಯ ಆಗದಿರಬಹುದು, ಆದರೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರು ಯಾರಾದರೂ ಓದ್ತಿದ್ದರೆ: ದುಬೈ, ಅಬುಧಾಬಿ, ಮಸ್ಕತ್ ಕಡೆ ಹೋಗೋರಿಗೆ ಬಜ್ಪೆ, ಅಂದರೆ ಮಂಗಳೂರು ಏರ್‌ಪೋರ್ಟು, ಹತ್ತಿರ. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿ ಮೇಲೆ 150 ಕಿ.ಮೀ. ಆಜುಬಾಜು. ಬೇಸಿಗೆಯಲ್ಲಿ ನಾಲ್ಕು ಗಂಟೆ ಧಾರಾಳ. ಮಳೆಗಾಲದಲ್ಲಿ ಲೆಕ್ಕವೇ ಬೇರೆ. ಆಗುಂಬೆ ಘಾಟಿಯಲ್ಲಿ 14 ತಿರುವು, ಮಳೆಗಾಲದಲ್ಲಿ ಭಾರಿ ವಾಹನ ನಿಷೇಧ ಆಗುತ್ತೆ, ಒಂದು ಮರ ಬಿದ್ದರೆ ಅಥವಾ ದರೆ ಜರಿದರೆ ಎಲ್ಲರೂ ಅಲ್ಲೇ. ಮೇಗರವಳ್ಳಿ ದಾಟೋಕೆ ಮುಂಚೆ ಸೋಮೇಶ್ವರದ ಕಡೆಯವರಿಗೆ ಯಾರಿಗಾದರೂ ಫೋನ್ ಮಾಡಿ ಘಾಟಿ ಬಿಟ್ಟಿದೆಯಾ ಕೇಳಿ, ಆಮೇಲೆ ನೆಟ್‌ವರ್ಕ್ ಸಿಗುತ್ತೆ ಅನ್ನೋ ಭರವಸೆ ಬೇಡ. ಮುಚ್ಚಿದ್ದರೆ ಶೃಂಗೇರಿ, ಕೆರೆಕಟ್ಟೆ, ಬಜಗೋಳಿ, ಕಾರ್ಕಳ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಇಳಿಯೋದನ್ನ ಹಗಲಲ್ಲೇ ಮುಗಿಸಿ, ಹೆಚ್ಚುವರಿ ಮೂರು ಗಂಟೆ ಇಟ್ಟುಕೊಳ್ಳಿ. ಬಜ್ಪೆಯದ್ದು ಗುಡ್ಡದ ನೆತ್ತಿಯ ರನ್‌ವೇ, ಜೋರು ಮಳೆಯಲ್ಲಿ ಬರೋ ವಿಮಾನವನ್ನೇ ಬೇರೆ ಊರಿಗೆ ಕಳಿಸ್ತಾರೆ. ಹೊರಡೋ ಮುಂಚೆ ಫ್ಲೈಟ್ ಸ್ಟೇಟಸ್ ನೋಡಿ. ಆದರೆ ಲೇಟು ಅಂತ ತೋರಿಸಿದರೂ ನೀವು ಲೇಟಾಗಿ ಹೋಗಬೇಡಿ, ಚೆಕ್-ಇನ್ ಎಷ್ಟೋ ಸಲ ಮೊದಲಿನ ಸಮಯಕ್ಕೇ ಮುಚ್ಚುತ್ತೆ.

ಅಪ್ಪೆಮಿಡಿ

ಸಮಯ ತಿನ್ನೋದು ಲಗೇಜು ಮಾರಾಯ್ರೆ, ಅದರ ಬಗ್ಗೆ ಯಾರೂ ಬರೀಲಿಲ್ಲ. ಕೌಂಟರಿನ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಇದರಿಂದ ಅದಕ್ಕೆ ಹಪ್ಪಳ ವರ್ಗಾಯಿಸ್ತಾ ಕೂತವರನ್ನ ಯಾವ ರಾತ್ರಿ ಹೋದರೂ ನೋಡಬಹುದು. ಅರ್ಧ ಗಂಟೆ ಅಲ್ಲೇ ಖರ್ಚು.

ನೇತು ಹಾಕಿ ತೂಗೋ ಚಿಕ್ಕ ತಕ್ಕಡಿ ತಂದು ಮನೆಯಲ್ಲೇ ತೂಗಿ. 23 ಕಿಲೋ ಮಿತಿ ಇದ್ದರೆ 22ಕ್ಕೆ ನಿಲ್ಲಿಸಿ. ದುಡ್ಡು ಕೊಡ್ತೀನಿ ಅಂದರೂ ಒಂದೇ ಬ್ಯಾಗು 32 ಕಿಲೋ ಮೀರಿದರೆ ತಗೊಳ್ಳೋಲ್ಲ.

ಮಿಡಿ ಉಪ್ಪಿನಕಾಯಿ, ತುಪ್ಪ, ಜೇನು, ಜೋನಿ ಬೆಲ್ಲ ಎಲ್ಲ ಚೆಕ್-ಇನ್ ಬ್ಯಾಗಿಗೆ. ಕೈಚೀಲದಲ್ಲಿ 100 ಮಿ.ಲೀ. ಮೇಲೆ ದ್ರವ ಇರೋ ಹಾಗಿಲ್ಲ, ಸೆಕ್ಯುರಿಟಿಯವರ ಲೆಕ್ಕದಲ್ಲಿ ಉಪ್ಪಿನಕಾಯಿ, ತುಪ್ಪವೂ ದ್ರವವೇ. ಗಾಜಿನ ಭರಣಿ ಬೇಡ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಬಿಗಿ ಮಾಡಿ, ಸುತ್ತ ಟೇಪು, ಮೇಲೆ ಎರಡು ಜಿಪ್ ಕವರ್. ಡಬ್ಬಿ ಮುಕ್ಕಾಲು ತುಂಬಿಸಿದರೆ ಸಾಕು. ಮೇಲೆ ಹೋದಾಗ ಗಾಳಿಯ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತೆ, ಗಂಟಲುಮಟ್ಟ ತುಂಬಿದ ಡಬ್ಬಿಯಿಂದ ರಸ ಹೊರಗೆ ಬರೋದು ಅದಕ್ಕೇ. ಸಾರಿನ ಪುಡಿ, ಹುಳಿ ಪುಡಿಯನ್ನೂ ಕೆಳಗಿನ ಬ್ಯಾಗಿಗೇ ಹಾಕಿ. ಅಮೆರಿಕದ ವಿಮಾನದಲ್ಲಿ ಕೈಚೀಲದಲ್ಲಿ 350 ಮಿ.ಲೀ. ಮೇಲೆ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡ್ತಾರೆ.

ಒಣ ಕೊಬ್ಬರಿ ಗಿಟುಕು ಯಾವ ಬ್ಯಾಗಿಗೂ ಬೇಡ. ಎಣ್ಣೆ ಅಂಶ ಇರೋದರಿಂದ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ದಾರಿಯಲ್ಲಿ ತಿಪಟೂರು ಸಿಗುತ್ತೆ, ಮಗಳಿಗೆ ಎರಡು ಕೆ.ಜಿ. ಅಂತ ಅಮ್ಮನವರು ಕಾರು ನಿಲ್ಲಿಸಿಯೇ ನಿಲ್ಲಿಸ್ತಾರೆ, ಮೊದಲೇ ಹೇಳಿಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿನದ್ದು, ಅಂದರೆ ಸುಮಾರು 27,000 ಎಂಎಎಚ್. ಲೈಟರ್, ಬೆಂಕಿಪೊಟ್ಟಣ ಎರಡರಲ್ಲೂ ಬೇಡ. ಬ್ಯಾಗಿನ ಸ್ಕ್ಯಾನಿಂಗ್ ನಡೆಯೋದು ನೀವು ಅದನ್ನ ಕೌಂಟರಲ್ಲಿ ಕೊಟ್ಟ ಮೇಲೆ, ಒಳಗಡೆ. ಏನಾದರೂ ಕಂಡರೆ ಹೆಸರು ಹಿಡಿದು ಕರೀತಾರೆ, ಬಂದು ಬಿಚ್ಚಿ ತೆಗೆಯಬೇಕು. ಅದಕ್ಕೇ ಬ್ಯಾಗ್ ಕೊಟ್ಟ ತಕ್ಷಣ ಓಡಬೇಡಿ, ಹತ್ತು ನಿಮಿಷ ಅಲ್ಲೇ ಇರಿ.

ಇನ್ನು ಅಪ್ಪನವರ ಕವಳದ (ಎಲೆ-ಅಡಿಕೆ) ಚೀಲ. ಅಡಕತ್ತರಿ ಕೈಚೀಲದಲ್ಲಿದ್ದರೆ ಕಿತ್ತುಕೊಳ್ತಾರೆ, ವಾಪಸ್ ಕೊಡೋಲ್ಲ. ಬೀಳ್ಕೊಡೋಕೆ ಬಂದವರ ಕೈಗೆ ಹೊರಗೇ ಕೊಟ್ಟುಬಿಡಲಿ. ದುಬೈ ಮುಂತಾದ ಕಡೆ ಇಳಿಯೋರು ಎಲೆ-ಅಡಿಕೆಯನ್ನೇ ಬಿಟ್ಟು ಹೋಗಬೇಕು, ಯುಎಇಯಲ್ಲಿ ಅದು ನಿಷೇಧಿತ, ಗಸಗಸೆಯೂ ಹಾಗೇ, ಅದರಲ್ಲಿ ಜೈಲಿನ ತನಕ ಹೋಗುತ್ತೆ. ಅಮೆರಿಕಕ್ಕೆ ಹಸಿ ಕರಿಬೇವು, ಹಣ್ಣು, ಬೀಜ, ಮಲ್ಲಿಗೆ ಗಿಡದ ಕಡ್ಡಿ ಇಂಥದ್ದೆಲ್ಲ ಬೇಡ.

ತುಂಗಾತೀರ

@ಅಪ್ಪೆಮಿಡಿ, ಗಲ್ಫ್‌ಗೆ ಹೋಗೋರಿಗೆ ಇನ್ನೊಂದು. ಹಗ್ಗ ಕಟ್ಟಿದ ಗುಂಡನೆ ಮೂಟೆ, ಬೆಡ್‌ಶೀಟಲ್ಲಿ ಸುತ್ತಿದ ಗಂಟು ತಗೊಳ್ಳೋಲ್ಲ. ಒಂದು ಬದಿಯಾದರೂ ಚಪ್ಪಟೆ ಇರಬೇಕು ಅಂತ ದುಬೈ ಏರ್‌ಪೋರ್ಟಿನ ನಿಯಮ 2017ರಿಂದ ಇದೆ, ಬೆಲ್ಟಿನಲ್ಲಿ ಉರುಳಿ ಸಿಕ್ಕಿಕೊಳ್ಳುತ್ತೆ ಅಂತ.

ನಗರ_ಹೊಸನಗರ

ಇಷ್ಟೆಲ್ಲ ಹೆದರಿಸಬೇಕಾ? ಮೂರು ಗಂಟೆ ಮುಂಚೆ ಸಾಕು ಅಂತ ಏರ್‌ಪೋರ್ಟಿನವರೇ ಹೇಳ್ತಾರೆ. ಬೋರ್ಡಿಂಗ್ ಪಾಸ್ ಸಿಕ್ಕಮೇಲೆ ಇಮಿಗ್ರೇಶನ್ ಇಪ್ಪತ್ತು ನಿಮಿಷ, ಸೆಕ್ಯುರಿಟಿ ಇಪ್ಪತ್ತು ನಿಮಿಷ.

ತುಂಗಾತೀರ

ಮಧ್ಯಾಹ್ನ ಎರಡು ಗಂಟೆಗೆ ಆದರೆ ಒಪ್ತೀನಿ. ರಾತ್ರಿ ಹನ್ನೊಂದರಿಂದ ಮೂರರವರೆಗೆ ಒಂದರ ಹಿಂದೊಂದು ದೊಡ್ಡ ವಿಮಾನ ಹೊರಡುತ್ತವೆ, ಒಂದೊಂದರಲ್ಲಿ ಮುನ್ನೂರು ಜನ. ಆ ಹೊತ್ತಿಗೆ ಇಮಿಗ್ರೇಶನ್ ಒಂದು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಗೇಟು ಮುಚ್ಚೋದು 20-25 ನಿಮಿಷ ಮುಂಚೆ, ಗೇಟಿಗೆ ನಡೆಯೋದು ಹತ್ತು-ಹದಿನೈದು ನಿಮಿಷ. ನೀವೇ ಕೂಡಿ ನೋಡಿ. ಮೂರು ಗಂಟೆ ಗಟ್ಟಿ ಕಾಲಿನವರಿಗೆ, ಲಗೇಜ್ ಕಮ್ಮಿ ಇರೋರಿಗೆ. ವಯಸ್ಸಾದವರು, ಮೊದಲ ಸಲ ಹೋಗೋರು, ಮಗು ಇರೋರು ಮೂರೂವರೆ.

ಪದೇ ಪದೇ ಹೋಗೋರು ಎಫ್‌ಟಿಐ-ಟಿಟಿಪಿಗೆ ನೋಂದಾಯಿಸಿಕೊಳ್ಳಿ. ಭಾರತೀಯ ಪಾಸ್‌ಪೋರ್ಟಿನವರಿಗೆ, ಓಸಿಐ (ಭಾರತ ಮೂಲದ ವಿದೇಶಿ ಪೌರರ) ಕಾರ್ಡಿನವರಿಗೆ ಇಮಿಗ್ರೇಶನ್‌ನಲ್ಲಿ ಇ-ಗೇಟ್ ಮೂಲಕ ಹೋಗೋ ವ್ಯವಸ್ಥೆ. ಬೆಂಗಳೂರಿಗೆ 2025ರ ಜನವರಿಯಲ್ಲಿ ಬಂತು. ಆನ್‌ಲೈನಲ್ಲಿ ಅರ್ಜಿ, ಆಮೇಲೆ ಬೆರಳಚ್ಚು-ಮುಖದ ಗುರುತು ಕೊಡಬೇಕು, ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯೋವರೆಗೆ ನಡೆಯುತ್ತೆ.

ಕೆಲಸಕ್ಕೆ ಗಲ್ಫ್‌ಗೆ ಹೋಗೋ ಹುಡುಗರು ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲಸಕ್ಕೆ ಹೊರದೇಶಕ್ಕೆ ಹೋಗೋಕೆ ಸರ್ಕಾರದ ಅನುಮತಿ ಬೇಕು ಅನ್ನೋ ಗುರುತು) ಅಂತ ಇದೆಯಾ ನೋಡಿಕೊಳ್ಳಿ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಅದಿರುತ್ತೆ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್ ಸೇರಿ 18 ದೇಶಗಳಿಗೆ ಉದ್ಯೋಗ ವೀಸಾದಲ್ಲಿ ಹೋಗೋಕೆ ಆ ಅನುಮತಿ, ಅಂದರೆ ಇ-ಮೈಗ್ರೇಟ್ ಕ್ಲಿಯರೆನ್ಸ್ ಬೇಕು. ಇಲ್ಲದಿದ್ದರೆ ಐದು ಗಂಟೆ ಮುಂಚೆ ಹೋದರೂ ಇಮಿಗ್ರೇಶನ್‌ನಿಂದಲೇ ವಾಪಸ್. ಸಿಂಗಾಪುರ, ಮಲೇಷ್ಯಾ, ಥೈಲ್ಯಾಂಡ್‌ಗೆ ಹೋಗೋರು ಅಲ್ಲಿನ ಆನ್‌ಲೈನ್ ಆಗಮನ ಫಾರಂ ಅನ್ನು ಹಿಂದಿನ ಮೂರು ದಿನದೊಳಗೆ ತುಂಬಿರಬೇಕು, ಕೌಂಟರ್ ಮುಂದೆ ನಿಂತು ತುಂಬೋಕೆ ಕೂತರೆ ಹಿಂದಿನವರ ಶಾಪ ಬೇರೆ.

ಮಂಡಗದ್ದೆ_ಕೊಕ್ಕರೆ

ಗಾಲಿಕುರ್ಚಿ ಬಗ್ಗೆ. ಅಪ್ಪನವರಿಗೆ ಖಂಡಿತ ಹಾಕಿಸಿ, ಸಂಕೋಚ ಬೇಡ. ಕಂಪನಿಗೆ ಫೋನ್ ಮಾಡಿ ಕನಿಷ್ಠ 48 ಗಂಟೆ ಮುಂಚೆ ಹೇಳಿ, ಟಿಕೆಟ್ಟಿನ ಮೇಲೆ ಡಬ್ಲ್ಯೂಸಿಎಚ್‌ಆರ್ ಅಂತ ಬಂದಿದೆಯಾ ನೋಡಿ. ಮೆಟ್ಟಿಲು ಹತ್ತಬಲ್ಲವರು, ದೂರ ನಡೆಯಲಾರದವರು ಅಂತ ಅದರ ಅರ್ಥ. ಮೆಟ್ಟಿಲೂ ಆಗೋಲ್ಲ ಅಂದರೆ ಡಬ್ಲ್ಯೂಸಿಎಚ್‌ಎಸ್. ಅಮ್ಮನವರದ್ದು ಬೇರೆ ಪಿಎನ್‌ಆರ್ ಆಗಿದ್ದರೆ ಇಬ್ಬರೂ ಜತೆ ಅಂತ ಅದರಲ್ಲೂ ಬರೆಸಿ, ಇಲ್ಲದಿದ್ದರೆ ದೋಹಾದಲ್ಲಿ ಅಪ್ಪ ಒಂದು ಗಾಡಿ, ಅಮ್ಮ ಒಂದು ದಿಕ್ಕು ಆಗುತ್ತೆ.

ಗಾಲಿಕುರ್ಚಿಯವರು ಕ್ಯೂ ತಪ್ಪಿಸಿ ಬೇಗ ಕರಕೊಂಡು ಹೋಗ್ತಾರೆ ನಿಜ, ಆದರೆ ತಳ್ಳೋ ಹುಡುಗ ಬರೋದಕ್ಕೇ ಒಂದೊಂದ್ಸಲ ಮುಕ್ಕಾಲು ಗಂಟೆ. ಒಂದೇ ವಿಮಾನಕ್ಕೆ ಹತ್ತಾರು ಕುರ್ಚಿ ಕೇಳಿರ್ತಾರೆ. ಇಲ್ಲೂ ಮೂರೂವರೆ ಗಂಟೆಯ ಲೆಕ್ಕವೇ.

ಮಾತ್ರೆ, ಇನ್ಸುಲಿನ್ ಕೈಚೀಲದಲ್ಲಿ, ಡಾಕ್ಟರ ಚೀಟಿ ಸಮೇತ. ಪಾಸ್‌ಪೋರ್ಟ್, ಟಿಕೆಟ್ಟು, ಮಗಳ ವಿಳಾಸ ಮತ್ತು ಫೋನ್ ನಂಬರ್ ಕಾಗದದ ಮೇಲೆ ಪ್ರಿಂಟ್ ಇರಲಿ. ಮೊಬೈಲಲ್ಲಿದೆ ಅನ್ನೋದು ಚಾರ್ಜ್ ಇರೋವರೆಗೆ.

ಆಮೇಲೆ, ಟಿಕೆಟ್ ಇಲ್ಲದವರನ್ನ ಟರ್ಮಿನಲ್ ಒಳಗೆ ಬಿಡೋಲ್ಲ. ಜತೆಗೆ ಎಂಟು ಜನ ನೆಂಟರು ಬಂದರೆ ಬಾಗಿಲಲ್ಲೇ ಕಾಲಿಗೆ ಬೀಳೋದು, ಫೋಟೋ, ಕಣ್ಣೀರು, ಮತ್ತೆ ಫೋಟೋ ಆಗಿ ಇಪ್ಪತ್ತು ನಿಮಿಷ ಹಾರಿಹೋಗುತ್ತೆ. ಅದನ್ನೆಲ್ಲ ದೇವನಹಳ್ಳಿಯ ಊಟದ ಹೋಟೆಲಲ್ಲೇ ಮುಗಿಸಿ.

ಜೋಗದ_ಹಾದಿ

ಎಲ್ಲರಿಗೂ ಧನ್ಯವಾದ. 13ಕ್ಕೆ ಹನ್ನೆರಡೂವರೆಗೆ ಸಾಗರ ಬಿಡೋದು, ದಾಬಸ್‌ಪೇಟೆ ದಾರಿ ಅಂತ ತೀರ್ಮಾನ ಆಯ್ತು. ಕೊನೇದಾಗಿ ಒಂದು ಪ್ರಶ್ನೆ: ಎಷ್ಟು ಮಾಡಿದರೂ ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ? ಹೋಗೋ ಟಿಕೆಟ್ ಹೋದರೂ ಬರೋದು ಉಳಿಯುತ್ತಾ?

ಸೋಗಾನೆ_ರನ್‌ವೇ

ಸುಮ್ಮನೆ ಬಿಟ್ಟರೆ ಉಳಿಯೋಲ್ಲ. ಮೊದಲ ಹಾರಾಟಕ್ಕೆ ಬಾರದಿದ್ದರೆ ಅದೇ ಟಿಕೆಟ್ಟಿನ ಮುಂದಿನ ಎಲ್ಲ ಹಾರಾಟ, ವಾಪಸ್ ಬರೋದೂ ಸೇರಿ, ಕಂಪ್ಯೂಟರಲ್ಲಿ ರದ್ದಾಗುತ್ತೆ. ಆದ್ದರಿಂದ ತಪ್ಪೋದು ಖಚಿತ ಅನ್ನಿಸಿದ ಕೂಡಲೇ, ಕೌಂಟರ್ ಮುಚ್ಚೋಕೆ ಮುಂಚೆಯೇ ಕಂಪನಿಗೆ ಫೋನ್ ಮಾಡಿ ತಾರೀಕು ಬದಲಿಸಿ. ವಿಮಾನ ಹೊರಡೋ ಮುಂಚೆ ಬದಲಿಸಿದರೆ ಶುಲ್ಕ ಮತ್ತು ದರದ ವ್ಯತ್ಯಾಸ ಅಷ್ಟೇ ಬೀಳಬಹುದು, ಹೊರಟ ಮೇಲೆ ಕರೆ ಮಾಡಿದರೆ ನೋ-ಶೋ ದಂಡವೂ ಸೇರುತ್ತೆ, ಅಗ್ಗದ ಟಿಕೆಟ್ ಆದರೆ ಪೂರ್ತಿ ದುಡ್ಡು ಹೋಗಬಹುದು. ಏಜೆಂಟರ ಹತ್ತಿರ ಮಾಡಿಸಿದ್ದರೆ ನಡುರಾತ್ರಿ ಫೋನ್ ಎತ್ತೋ ನಂಬರ್ ಯಾವುದು ಅಂತ ಈಗಲೇ ಕೇಳಿ ಬರೆದುಕೊಳ್ಳಿ. ಪಿಎನ್‌ಆರ್ ಮತ್ತು ಕಂಪನಿಯ ಸಹಾಯವಾಣಿ ನಂಬರ್ ನಿಮ್ಮ ಹತ್ತಿರವೂ ಇರಲಿ. ಕಡೂರು-ಅರಸೀಕೆರೆ ಮಧ್ಯೆ ಗಾಡಿ ನಿಂತರೆ ಕಾರಲ್ಲಿರೋರು ಗಾಡಿ ನೋಡಿಕೊಳ್ಳಲಿ, ಫೋನ್ ನೀವು ಮಾಡಿ. ಹಾಗೇ ಕಡೂರಲ್ಲೋ ತಿಪಟೂರಲ್ಲೋ ಬದಲಿ ಟ್ಯಾಕ್ಸಿಯವರ ಒಂದು ನಂಬರ್ ಡ್ರೈವರ್ ಹತ್ತಿರ ಮೊದಲೇ ಇರುವ ಹಾಗೆ ನೋಡಿಕೊಳ್ಳಿ, ಡಿಕ್ಕಿ ದೊಡ್ಡದಿರೋ ಗಾಡಿ ಅಂತ ಹೇಳಿ.